ಬಿಲ್ಲು ಕಟ್ಟಲಾರದವರ ನೀರು

ನೀರಿನ ವಿಷಯದಲ್ಲಿ ನಮ್ಮ ನಡುವೆ ಎರಡು ಮಾತುಗಳು ಬಹುಕಾಲದಿಂದ ಚಲಾವಣೆಯಲ್ಲಿವೆ. ನೀರು ದೇವರು ಕೊಟ್ಟದ್ದು, ಅದಕ್ಕೆ ಹಣ ಕೇಳಲು ಇವರು ಯಾರು ಎಂಬುದು ಒಂದು. ಬಳಸಿದವನು ಕಟ್ಟಬೇಕು, ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿರುವುದಿಲ್ಲ ಎಂಬುದು ಇನ್ನೊಂದು. ಪುರಸಭೆಯ ಸಭೆಗಳಲ್ಲಿ, ಚಹಾದಂಗಡಿಗಳ ಮುಂದೆ, ಊರಿನ ಜಗಲಿಕಟ್ಟೆಗಳಲ್ಲಿ ಈ ಎರಡು ಮಾತುಗಳು ಎದುರುಬದುರಾಗಿ ನಿಲ್ಲುತ್ತವೆ. ವಿಚಿತ್ರವೆಂದರೆ ಎರಡೂ ಸುಳ್ಳಲ್ಲ. ಮಳೆಗೆ ಯಾರೂ ಬಿಲ್ಲು ಕಳಿಸುವುದಿಲ್ಲ. ಆದರೆ ಮಳೆಯ ನೀರು ತಾನಾಗಿ ಬಂದು ನಲ್ಲಿಯಲ್ಲಿ ಬೀಳುವುದೂ ಇಲ್ಲ. ಅದನ್ನು ಅಣೆಕಟ್ಟಿನಲ್ಲಿ ಹಿಡಿಯಬೇಕು, ಶುದ್ಧಗೊಳಿಸಬೇಕು, ವಿದ್ಯುತ್ ಸುಟ್ಟು ಮೇಲೆತ್ತಬೇಕು, ಪೈಪಿನಲ್ಲಿ ಹರಿಸಬೇಕು, ವಾಲ್ವು ತಿರುಗಿಸುವವನಿಗೆ ಸಂಬಳ ಕೊಡಬೇಕು. ಬಳಸಿದ ನೀರನ್ನು ಮತ್ತೆ ಮನೆಯಿಂದ ಹೊರಗೊಯ್ದು ಅದರ ಕೊಳೆ ತೆಗೆಯಬೇಕು. ನೀರು ಕೊಡುಗೆಯೇ ಹೌದು. ಅದನ್ನು ಮನೆಗೆ ತರುವುದು ಮಾತ್ರ ದುಡಿಮೆ.

ಹಾಗಾದರೆ ಆ ದುಡಿಮೆಯ ಬೆಲೆಯನ್ನು ಕಟ್ಟಲಾರದ ಮನೆಯ ಗತಿಯೇನು? ಅಂಥ ಮನೆಗೆ ನೆರವಾಗುವುದು ಉಳಿದವರ ಔದಾರ್ಯವೋ, ಸರಕಾರದ ಕರುಣೆಯೋ, ಅಥವಾ ಆ ಮನೆಯ ಹಕ್ಕೋ? ಮೇಲ್ನೋಟಕ್ಕೆ ಇದು ಲೆಕ್ಕಪತ್ರದ ಪ್ರಶ್ನೆಯಂತೆ ಕಾಣುತ್ತದೆ. ಆದರೆ ನಾವು ಪರಸ್ಪರ ಯಾವ ಬಗೆಯ ಋಣದಲ್ಲಿ ಬದುಕುತ್ತಿದ್ದೇವೆ ಎಂಬ ಪ್ರಶ್ನೆ ಇದರ ಅಡಿಯಲ್ಲಿದೆ.

ಈ ಪ್ರಶ್ನೆಯನ್ನು ಕೇಳಿಕೊಳ್ಳಲು ಕೋಲಾರದ ಚಿನ್ನದ ಗಣಿ ಪ್ರದೇಶ ತಕ್ಕ ಜಾಗ. ಕೆ.ಜಿ.ಎಫ್. ಎಂಬ ಮೂರಕ್ಷರದಲ್ಲಿ ನಾಡಿಗೆಲ್ಲ ಪರಿಚಿತವಾದ ಈ ಊರು ಹುಟ್ಟಿದ್ದೇ ನೆಲದಡಿಯ ಚಿನ್ನಕ್ಕಾಗಿ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯವರು ಇಲ್ಲಿ ಆಧುನಿಕ ಗಣಿಗಾರಿಕೆ ಆರಂಭಿಸಿದರು. ಉತ್ತರ ಆರ್ಕಾಟು, ಚಿತ್ತೂರು ಕಡೆಗಳಿಂದ ಬಂದ ತಮಿಳು, ತೆಲುಗು ಮಾತಿನ ಕಾರ್ಮಿಕರು ಇಲ್ಲಿನ ಲೈನು ಮನೆಗಳಲ್ಲಿ ನೆಲೆಸಿದರು. ಅವರಲ್ಲಿ ದೊಡ್ಡ ಪಾಲು ದಲಿತರು. ಗಣಿಗೆ ಶಕ್ತಿ ಬೇಕಾದಾಗ 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ವಿದ್ಯುತ್ ತರಲಾಯಿತು. ನೀರು ಬೇಕಾದಾಗ ಪಾಲಾರ್ ನದಿಯ ಬೇತಮಂಗಲದ ಕೆರೆಯಿಂದ ಪಂಪು ಮಾಡಿ ಗಣಿ ಪಟ್ಟಣಕ್ಕೆ ಹರಿಸಲಾಯಿತು. ಸುಮಾರು 120 ವರ್ಷಗಳಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಈ ನೆಲದಿಂದ ಹೊರಬಂತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು.

1956ರಲ್ಲಿ ಮೈಸೂರು ಸರಕಾರ ಗಣಿಗಳನ್ನು ರಾಷ್ಟ್ರೀಕರಣ ಮಾಡಿತು. 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸುಮಾರು ಮೂರೂವರೆ ಸಾವಿರ ಕಾರ್ಮಿಕರು ಒಂದೇ ಏಟಿಗೆ ಕೆಲಸ ಕಳೆದುಕೊಂಡರು. ಸುರಂಗದ ನೀರನ್ನು ಎತ್ತಿ ಹಾಕುತ್ತಿದ್ದ ಪಂಪುಗಳು ನಿಂತವು. ನೆಲದಡಿಯಲ್ಲಿ ನೀರು ತುಂಬಿಕೊಂಡಿತು, ನೆಲದ ಮೇಲೆ ಜನ ಬಿಂದಿಗೆ ಹಿಡಿದು ನಿಂತರು.

ಗಣಿಯ ಕಾಲದಲ್ಲಿ ಲೈನಿನ ನಲ್ಲಿ, ಲೈನಿನ ಮನೆ, ಕಂಪನಿಯ ಆಸ್ಪತ್ರೆ ಎಲ್ಲವೂ ದುಡಿಮೆಯ ಒಪ್ಪಂದದ ಭಾಗವಾಗಿದ್ದವು. ಸಂಬಳ ಕಡಿಮೆ, ಅಪಾಯ ಹೆಚ್ಚು. ಅದಕ್ಕೆ ಪ್ರತಿಯಾಗಿ ಇರಲೊಂದು ಸೂರು, ಕುಡಿಯಲು ನೀರು. ಅದನ್ನು ಯಾರೂ ದಾನವೆಂದು ಕರೆಯಲಿಲ್ಲ, ಕರೆಯುವಂತೆಯೂ ಇರಲಿಲ್ಲ. ನೆಲದೊಳಗೆ ಮೈಲುಗಟ್ಟಲೆ ಇಳಿದು ಕಲ್ಲಿನ ದೂಳು ಕುಡಿದವನಿಗೆ ನೆಲದ ಮೇಲೆ ನೀರು ಕುಡಿಯುವ ಹಕ್ಕು ತಾನಾಗಿ ಬಂದಿತ್ತು. ಗಣಿ ಮುಚ್ಚಿದಾಗ ಒಪ್ಪಂದದ ಒಂದು ಬದಿ ಮಾತ್ರ ಅಳಿಸಿಹೋಯಿತು. ಚಿನ್ನ ಆಗಲೇ ಹೋಗಿತ್ತು, ಅದನ್ನು ಯಾರೂ ಹಿಂದಕ್ಕೆ ತಂದುಕೊಡಲಿಲ್ಲ. ಕಾರ್ಮಿಕನಿಗೆ ಬರಬೇಕಾದ ಸೂರು ಮತ್ತು ನೀರಿನ ಮೇಲೆ ಮಾತ್ರ ಪ್ರಶ್ನೆಚಿಹ್ನೆ ಬಿತ್ತು. ಮನೆ ಯಾರ ಹೆಸರಿನಲ್ಲಿದೆ ಎಂಬುದೇ ವರ್ಷಗಟ್ಟಲೆ ತೀರ್ಮಾನವಾಗದೆ ಉಳಿದ ಊರಿನಲ್ಲಿ ನಲ್ಲಿಯ ಸಂಪರ್ಕಕ್ಕೆ ದಾಖಲೆ ತರುವುದು ಸುಲಭದ ಮಾತಲ್ಲ.

ಇದರಿಂದ ಮೊದಲ ಸಂಗತಿ ಸ್ಪಷ್ಟವಾಗುತ್ತದೆ. ಬಡವನ ನೀರಿನ ಬಿಲ್ಲಿಗೆ ನೆರವಾಗಬೇಕೇ ಎಂದು ಕೇಳುವಾಗ ನಾವು ಸಾಮಾನ್ಯವಾಗಿ ಲೆಕ್ಕವನ್ನು ಇವತ್ತಿನಿಂದ ಆರಂಭಿಸುತ್ತೇವೆ. ಅವನು ಇಷ್ಟು ಬಳಸಿದ, ಇಷ್ಟು ಕಟ್ಟಲಿಲ್ಲ, ಆದ್ದರಿಂದ ಬಾಕಿದಾರ ಎಂದು ಬರೆಯುತ್ತೇವೆ. ಲೆಕ್ಕವನ್ನು ಸ್ವಲ್ಪ ಹಿಂದಿನಿಂದ ಆರಂಭಿಸಿದರೆ ಬಾಕಿದಾರ ಯಾರು ಎಂಬುದೇ ಬದಲಾಗಬಹುದು.

ಕೆ.ಜಿ.ಎಫ್. ರೈಲು ಬಂಗಾರಪೇಟೆಯಲ್ಲಿ ಮುಖ್ಯ ಮಾರ್ಗಕ್ಕೆ ಸೇರುತ್ತದೆ. ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲುಗಳಲ್ಲಿ ಸಾವಿರಾರು ಜನ ಬೆಂಗಳೂರಿನ ಕೂಲಿಗೆ, ಕಾವಲಿಗೆ, ಕಾರ್ಖಾನೆಗೆ, ಕಚೇರಿಗೆ ಹೋಗಿ ರಾತ್ರಿ ಮರಳುತ್ತಾರೆ. ಅವರ ಮನೆಯ ಬೀದಿಗೆ ನೀರು ಹಗಲು ಹೊತ್ತಿನಲ್ಲಿ ಬಂದರೆ ಹಿಡಿಯುವವರು ಯಾರು? ವಯಸ್ಸಾದ ತಾಯಿ, ಇಲ್ಲವೇ ಶಾಲೆ ತಪ್ಪಿಸಿಕೊಂಡ ಮಗಳು. ಈ ಖರ್ಚು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ಬಂಗಾರಪೇಟೆಯ ನೀರಿನ ಕತೆ ಬೇರೆ ದಾರಿಯದು. ಕೋಲಾರ, ಬಂಗಾರಪೇಟೆ, ಮಾಲೂರು ಪಟ್ಟಣಗಳಿಗೂ 45 ಹಳ್ಳಿಗಳಿಗೂ ಕುಡಿಯುವ ನೀರು ಕೊಡಲೆಂದು ಮಾರ್ಕಂಡೇಯ ನದಿಗೆ ಅಡ್ಡಲಾಗಿ ಯರಗೋಳದಲ್ಲಿ ಅಣೆಕಟ್ಟು ಕಟ್ಟುವ ಯೋಜನೆ 2006-07ರ ಸುಮಾರಿಗೆ ಆರಂಭವಾಯಿತು. ತಮಿಳುನಾಡು ಇದನ್ನು ವಿರೋಧಿಸಿ ಸಲ್ಲಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟು 2019ರ ನವೆಂಬರಿನಲ್ಲಿ ತಳ್ಳಿಹಾಕಿತು. 2023ರ ನವೆಂಬರಿನಲ್ಲಿ ಯೋಜನೆ ಉದ್ಘಾಟನೆಯಾಯಿತು. ಒಂದು ಮಗು ಹುಟ್ಟಿ ಪ್ರೌಢಶಾಲೆ ಮುಗಿಸುವಷ್ಟು ಕಾಲ. ಆ ಕಾಲವೆಲ್ಲ ಈ ಭಾಗದ ಜನ ಕೊಳವೆಬಾವಿ, ಟ್ಯಾಂಕರು, ಬಿಂದಿಗೆಗಳ ಮೇಲೆ ಬದುಕಿದರು. ಕೊಳವೆಬಾವಿಗಳು ಸಾವಿರ, ಸಾವಿರದೈನೂರು ಅಡಿಗಳಿಗೆ ಇಳಿದವು. ಆಳದ ನೀರಿನಲ್ಲಿ ಫ್ಲೋರೈಡ್ ಬಂತು. ಕೋಲಾರ ಜಿಲ್ಲೆಯ ಎಷ್ಟೋ ಹಳ್ಳಿಗಳ ಮಕ್ಕಳ ಹಲ್ಲಿನ ಕಲೆಗಳು, ಹಿರಿಯರ ಗಂಟುನೋವುಗಳು ಈ ಅಗ್ಗದ ನೀರಿನ ರಶೀದಿಗಳು.

ಆದ್ದರಿಂದಲೇ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು. ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವುದು ಈಗ ನಮ್ಮ ಊರುಗಳ ದಿನಚರಿ. ಹಲವೆಡೆ 20 ಲೀಟರಿಗೆ 5 ರೂಪಾಯಿ. ಕೇಳಲು ಅಗ್ಗ. ಸ್ವಲ್ಪ ಲೆಕ್ಕ ಹಾಕಿ ನೋಡಿ. ದಿನಕ್ಕೊಂದು ಕ್ಯಾನಿನಂತೆ ತಿಂಗಳಿಗೆ 600 ಲೀಟರು, 150 ರೂಪಾಯಿ. ಸಾವಿರ ಲೀಟರಿಗೆ 250 ರೂಪಾಯಿ ಬಿದ್ದಂತಾಯಿತು. ಇದೇ ಹೊತ್ತಿನಲ್ಲಿ, ಅಂದರೆ 2014ರಿಂದ 2025ರ ಏಪ್ರಿಲಿನಲ್ಲಿ ದರ ಏರುವವರೆಗೆ, ಬೆಂಗಳೂರಿನಲ್ಲಿ ಮನೆಬಳಕೆಯ ಮೊದಲ 8 ಸಾವಿರ ಲೀಟರುಗಳಿಗೆ ನೀರಿನ ದರ ಸಾವಿರ ಲೀಟರಿಗೆ 7 ರೂಪಾಯಿ ಇತ್ತು. ಅಂದರೆ ಎಂಟು ಸಾವಿರ ಲೀಟರಿಗೆ 56 ರೂಪಾಯಿ. ಕಾವೇರಿಯಿಂದ ನೂರು ಕಿಲೋಮೀಟರ್ ದೂರ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿ ಬರುವ ನೀರಿನ ಬೆಲೆ ಇದು. ಎರಡೂ ಒಂದೇ ಬಗೆಯ ನೀರಲ್ಲ, ಘಟಕದ್ದು ಹೆಚ್ಚು ಸೋಸಿದ್ದು ಎಂಬುದು ನಿಜ. ಆದರೆ ಇಬ್ಬರ ಬಾಯಾರಿಕೆಯೂ ಒಂದೇ ಬಗೆಯದು. ಬಂಗಲೆಯ ತೋಟಕ್ಕೆ ಬೀಳುವ ನೀರಿಗಿಂತ ಬಡವನ ಗಂಟಲಿಗೆ ಇಳಿಯುವ ನೀರು ಮೂವತ್ತೈದು ಪಟ್ಟು ದುಬಾರಿಯಾಗಿರುವ ಸಮಾಜದಲ್ಲಿ, ಬಡವರು ನೀರಿಗೆ ಹಣ ಕೊಡುವುದಿಲ್ಲ ಎಂಬ ದೂರು ಯಾವ ಮುಖದಿಂದ ಹೊರಡಬೇಕು?

ಬಡವ ಹಣ ಕೊಡುತ್ತಿದ್ದಾನೆ. ನಲ್ಲಿ ಇಲ್ಲದ್ದಕ್ಕೆ, ಅಥವಾ ನಲ್ಲಿಯ ನೀರು ಕುಡಿಯಲು ಬಾರದ್ದಕ್ಕೆ ಹೆಚ್ಚು ಕೊಡುತ್ತಿದ್ದಾನೆ. ನೆರವು ಎಂದಾಗ ನಮ್ಮ ಕಣ್ಣ ಮುಂದೆ ಬರಬೇಕಾದದ್ದು ಬಿಲ್ಲು ಬಂದ ಮನೆ ಮಾತ್ರವಲ್ಲ, ಬಿಲ್ಲು ಬರುವ ಭಾಗ್ಯವೇ ಇಲ್ಲದ ಮನೆ ಕೂಡ.

ಧರ್ಮಗಳು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎದುರಿಸಿವೆ. ಮರುಭೂಮಿಯಲ್ಲಿ ಹುಟ್ಟಿದ ಇಸ್ಲಾಮಿಗೆ ಇದು ಜೀವನ್ಮರಣದ ವಿಷಯವಾಗಿತ್ತು. ನೀರು, ಹುಲ್ಲು, ಬೆಂಕಿ ಈ ಮೂರರಲ್ಲಿ ಜನರೆಲ್ಲ ಪಾಲುದಾರರು ಎಂಬ ಅರ್ಥದ ಪ್ರವಾದಿವಚನ ಪ್ರಸಿದ್ಧವಾಗಿದೆ. ತನಗೆ ಬೇಕಾದಷ್ಟನ್ನು ಬಳಸಿ ಮಿಕ್ಕ ನೀರನ್ನು ತಡೆಹಿಡಿಯುವುದನ್ನು ಪ್ರವಾದಿ(ಸ) ನಿಷೇಧಿಸಿದ್ದಾರೆ. ಆದರೆ ಧರ್ಮಶಾಸ್ತ್ರಜ್ಞರು ಇದರಿಂದ ನೀರಿಗೆ ಯಾವ ಬೆಲೆಯೂ ಇರಬಾರದು ಎಂಬ ತೀರ್ಮಾನಕ್ಕೆ ಬರಲಿಲ್ಲ. ನದಿಯ ನೀರು ಎಲ್ಲರದು. ಅದನ್ನು ಹೊತ್ತು ತಂದು ಕೊಡದಲ್ಲಿ ತುಂಬಿಟ್ಟವನು ಮಾರಬಹುದು. ಅವನು ಮಾರುವುದು ತನ್ನ ಶ್ರಮವನ್ನು. ಹಾಗಿದ್ದೂ ಬಾಯಾರಿಕೆಯಿಂದ ಸಾಯುವವನ ಹಕ್ಕು ಅವನ ಒಡೆತನಕ್ಕಿಂತ ಮೇಲಿನದು. ನಾವು ಆರಂಭದಲ್ಲಿ ನೋಡಿದ ಎರಡು ಮಾತುಗಳ ಜಗಳವನ್ನು ಅವರು ಹೀಗೆ ಬಿಡಿಸಿದರು.

ಮದೀನಾದ ರೂಮಾ ಬಾವಿಯ ಪ್ರಸಂಗ ಇನ್ನೂ ಮುಖ್ಯವಾದದ್ದು. ವಲಸೆ ಬಂದ ಬಡ ಜನರಿಗೆ ಸಿಹಿನೀರಿನ ಕೊರತೆ. ರೂಮಾ ಬಾವಿಯ ಒಡೆಯ ನೀರನ್ನು ಹಣಕ್ಕೆ ಮಾರುತ್ತಿದ್ದ. ಹಝ್ರತ್ ಉಸ್ಮಾನ್(ರ) ಆ ಬಾವಿಯನ್ನು ಖರೀದಿಸಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಈ ಕತೆಯನ್ನು ನಾವು ಶ್ರೀಮಂತನ ಔದಾರ್ಯಕ್ಕೆ ಉದಾಹರಣೆಯಾಗಿ ಹೇಳುತ್ತೇವೆ. ಅದರಲ್ಲಿ ಅದಕ್ಕಿಂತ ಸೂಕ್ಷ್ಮವಾದ ವಿವೇಕವಿದೆ. ಉಸ್ಮಾನರು ಬಾಯಾರಿದವರಿಗೆ ಒಬ್ಬೊಬ್ಬರಂತೆ ನಾಣ್ಯ ಹಂಚಿ ಬಾವಿಯ ಒಡೆಯನ ಬಳಿ ಕಳಿಸಬಹುದಿತ್ತು. ಅದೂ ಪುಣ್ಯದ ಕೆಲಸವೇ. ಆದರೆ ಆಗ ಜನ ದಿನವೂ ಅವರ ಬಾಗಿಲಿಗೆ ಬರಬೇಕಿತ್ತು. ನಾಣ್ಯ ಒಡೆಯನಿಗೆ, ಕೃತಜ್ಞತೆ ದಾನಿಗೆ, ಬಾಯಾರಿಕೆ ಬಡವನಿಗೆ ಹಾಗೆಯೇ ಉಳಿಯುತ್ತಿತ್ತು. ಅವರು ಬದಲಾಯಿಸಿದ್ದು ಬಾವಿಯ ಸ್ಥಾನಮಾನವನ್ನು. ಬಾವಿ ಕೊಳ್ಳುವವನ ಬಿಂದಿಗೆಗೂ ಉಳಿದವರ ಬಿಂದಿಗೆಗೂ ಅಲ್ಲಿ ಸಮಾನ ಹಕ್ಕಿರಬೇಕೆಂಬುದು ಪ್ರವಾದಿಯವರು ಇಟ್ಟ ಷರತ್ತೇ ಆಗಿತ್ತು. ಕೊಟ್ಟವನು ಸರದಿಯಲ್ಲಿ ಮುಂದೆ ನಿಲ್ಲುವಂತಿಲ್ಲ, ಪಡೆದವನು ತಲೆ ತಗ್ಗಿಸಬೇಕಾಗಿಲ್ಲ. ನೆರವಿನ ಯಾವುದೇ ಯೋಜನೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗಲಾರದು.

ನಮ್ಮ ನೆಲದಲ್ಲೂ ಇಂಥ ವಿವೇಕ ಇತ್ತು. ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು ಕೊಡುವ ಅರವಟ್ಟಿಗೆ ಇತ್ತು. ಕೋಲಾರದ ಸೀಮೆ ಕೆರೆಗಳ ಸೀಮೆ. ಕೆರೆಯ ತೂಬು ತೆಗೆದು ಗದ್ದೆಗದ್ದೆಗೆ ನೀರು ಹಂಚುವ ಕೆಲಸ ನೀರುಗಂಟಿಯದು. ಆಯಗಾರರಲ್ಲಿ ಅವನೂ ಒಬ್ಬ. ಅವನಿಗೆ ಕೂಲಿ ಸಿಗುತ್ತಿದ್ದುದು ಸುಗ್ಗಿಯ ಕಣದಲ್ಲಿ, ಬೆಳೆಯ ಒಂದು ಪಾಲಾಗಿ. ಹೆಚ್ಚು ಬೆಳೆದವನು ಹೆಚ್ಚು ಅಳೆದ, ಕಡಿಮೆ ಬೆಳೆದವನು ಕಡಿಮೆ ಅಳೆದ. ಬರ ಬಂದ ವರ್ಷ ಯಾರ ಮೇಲೂ ಬಾಕಿ ಏರಲಿಲ್ಲ. ನೀರಿನ ದುಡಿಮೆಗೆ ಬೆಲೆ ಇತ್ತು, ಆ ಬೆಲೆ ಕೊಡುವವನ ಶಕ್ತಿಗೆ ತಕ್ಕಂತೆ ಇತ್ತು. ಅಮೆರಿಕದ ಫಿಲಡೆಲ್ಫಿಯಾ ನಗರ 2017ರಲ್ಲಿ ಬಡ ಮನೆಗಳ ನೀರಿನ ಬಿಲ್ಲನ್ನು ಬಳಕೆಯ ಬದಲು ಆದಾಯದ ಶೇಕಡಾ 2ರಿಂದ 4ರವರೆಗಿನ ಪಾಲಾಗಿ ನಿಗದಿ ಮಾಡಿದಾಗ ಅದನ್ನು ಹೊಸ ಪ್ರಯೋಗವೆಂದು ಕರೆದರು. ನಮ್ಮ ಕಣದ ಆಯಕ್ಕೂ ಅದಕ್ಕೂ ತತ್ವದಲ್ಲಿ ಬಹಳ ದೂರವಿಲ್ಲ.

ಆದರೆ ಹಳೆಯದನ್ನು ಹೊಗಳುವ ಭರದಲ್ಲಿ ಒಂದನ್ನು ಮರೆಯಬಾರದು. ಊರಿಗೆಲ್ಲ ನೀರು ಹಂಚುತ್ತಿದ್ದ ನೀರುಗಂಟಿ ಹೆಚ್ಚಾಗಿ ದಲಿತ. ಅದೇ ಊರಿನ ಮೇಲ್ಜಾತಿಯ ಬಾವಿಯಿಂದ ಒಂದು ಬಿಂದಿಗೆ ಸೇದಲು ಅವನಿಗೆ ಹಕ್ಕಿರಲಿಲ್ಲ. 1927ರಲ್ಲಿ ಅಂಬೇಡ್ಕರರು ಮಹಾಡಿನ ಚವದಾರ್ ಕೆರೆಗೆ ನಡೆದು ಹೋದದ್ದು ನೀರಿನ ದರ ಇಳಿಸಿ ಎಂದು ಕೇಳಲು ಅಲ್ಲ. ಅಲ್ಲಿ ಬಿಲ್ಲೇ ಇರಲಿಲ್ಲ. ನೀರು ಉಚಿತವಾಗಿದ್ದ ಮಾತ್ರಕ್ಕೆ ನ್ಯಾಯವಾಗಿರುವುದಿಲ್ಲ ಎಂಬುದನ್ನು ಆ ಕೆರೆ ನಮಗೆ ಕಲಿಸಿದೆ. ದರದಷ್ಟೇ ಮುಖ್ಯವಾದದ್ದು ಸಮಾನತೆ.

ಇನ್ನು ವಿರೋಧದ ಮಾತುಗಳಿಗೆ ಬರೋಣ. ಅವುಗಳನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಉಚಿತ ಕೊಟ್ಟರೆ ಜನ ಪೋಲು ಮಾಡುತ್ತಾರೆ, ಪುರಸಭೆ ದಿವಾಳಿಯಾಗುತ್ತದೆ, ಕೊನೆಗೆ ಪೈಪು ಒಡೆದರೂ ರಿಪೇರಿಗೆ ಹಣವಿಲ್ಲದೆ ಬಡವನಿಗೇ ನೀರು ನಿಲ್ಲುತ್ತದೆ ಎಂದು ಹೇಳುತ್ತಾರೆ. ಇದರಲ್ಲಿ ಸತ್ಯವಿದೆ. ಹಣವಿಲ್ಲದ ಪುರಸಭೆ ಮೊದಲು ಕೈಬಿಡುವುದು ಕೊನೆಯ ಬೀದಿಯನ್ನೇ. ಎಲ್ಲರಿಗೂ ಎಲ್ಲ ನೀರೂ ಉಚಿತವೆಂದರೆ ಅದರ ಹೆಚ್ಚಿನ ಲಾಭ ಹೋಗುವುದು ದೊಡ್ಡ ಸಂಪು, ದೊಡ್ಡ ಮೋಟಾರು ಇರುವವನಿಗೆ. ದೆಹಲಿಯಲ್ಲಿ 2015ರಿಂದ ತಿಂಗಳಿಗೆ 20 ಸಾವಿರ ಲೀಟರ್ ಉಚಿತ ಕೊಟ್ಟಾಗ ಸಂಪರ್ಕವಿದ್ದ ಲಕ್ಷಾಂತರ ಮನೆಗಳಿಗೆ ಅನುಕೂಲವಾಯಿತು. ಪೈಪೇ ಇಲ್ಲದ ಬಡಾವಣೆಯವರು ಟ್ಯಾಂಕರಿನ ಹಿಂದೆಯೇ ಓಡಬೇಕಾಯಿತು.

ಬಳಕೆ ಹೆಚ್ಚಿದಂತೆ ದರ ಹೆಚ್ಚಿಸುವ ಹಂತದರ ನ್ಯಾಯವಾದದ್ದೆಂದು ಮೇಲ್ನೋಟಕ್ಕೆ ಕಾಣುತ್ತದೆ. ಆದರೆ ಒಂದು ಲೈನಿನ ನಾಲ್ಕು ಮನೆಗಳು ಒಂದೇ ಮೀಟರಿನಲ್ಲಿದ್ದರೆ? ಅಜ್ಜಿ, ಮಕ್ಕಳು, ಸೊಸೆಯಂದಿರೆಲ್ಲ ಒಂದೇ ಸೂರಿನಡಿ ಇರುವ ಹತ್ತು ಜನರ ಮನೆಯಾದರೆ? ಇಬ್ಬರೇ ಇರುವ ಶ್ರೀಮಂತರ ಮನೆ ಅಗ್ಗದ ಹಂತದಲ್ಲೇ ಉಳಿಯುತ್ತದೆ, ಹತ್ತು ಜನರ ಬಡ ಮನೆ ದುಬಾರಿ ಹಂತಕ್ಕೆ ಏರುತ್ತದೆ. ಮೀಟರಿಗೆ ನೀರು ಕಾಣುತ್ತದೆಯೇ ಹೊರತು ಬಾಯಿಗಳು ಕಾಣುವುದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಇದೇ ಜಗಳ ನಡೆಯಿತು. ಅಲ್ಲಿ 2001ರಿಂದ ಪ್ರತಿ ಮನೆಗೆ ತಿಂಗಳಿಗೆ 6 ಸಾವಿರ ಲೀಟರ್ ಉಚಿತವೆಂಬ ನೀತಿ ಬಂತು. ಜೊಹಾನ್ಸ್‌ಬರ್ಗ್ ನಗರ ಸೊವೆಟೋದ ಫಿರಿ ಬಡಾವಣೆಯಲ್ಲಿ ಮೊದಲೇ ಹಣ ಕಟ್ಟುವ ಮೀಟರುಗಳನ್ನು ಹಾಕಿತು. ಉಚಿತ ನೀರು ಮುಗಿದು ಹಣವಿಲ್ಲದಿದ್ದರೆ ನಲ್ಲಿ ತಾನೇ ನಿಲ್ಲುತ್ತಿತ್ತು. ಲಿಂಡಿವೆ ಮಜಿಬುಕೋ ಮತ್ತಿತರ ನಿವಾಸಿಗಳು ಕೋರ್ಟಿಗೆ ಹೋದರು. ಹೈಕೋರ್ಟು 2008ರಲ್ಲಿ ತಲಾ 50 ಲೀಟರ್ ಕೊಡಿ ಎಂದಿತು. 2009ರಲ್ಲಿ ಸಾಂವಿಧಾನಿಕ ನ್ಯಾಯಾಲಯ ಆ ತೀರ್ಪನ್ನು ಬದಿಗಿಟ್ಟು, ಪ್ರಮಾಣ ಗೊತ್ತುಮಾಡುವುದು ಸರಕಾರದ ಕೆಲಸ ಎಂದಿತು. ನ್ಯಾಯಾಲಯ ಅಲ್ಲಿಗೆ ನಿಂತಿತು. ನೈತಿಕ ಪ್ರಶ್ನೆ ಅಲ್ಲಿಗೆ ನಿಲ್ಲುವುದಿಲ್ಲ.

ಹಣ ಕಟ್ಟದಿದ್ದರೆ ಸಂಪರ್ಕ ಕಡಿಯುವ ಭಯವಿಲ್ಲದೆ ಯಾರೂ ಕಟ್ಟುವುದಿಲ್ಲ ಎಂಬುದು ಇನ್ನೊಂದು ವಾದ. ಇಂಗ್ಲೆಂಡು ಮತ್ತು ವೇಲ್ಸ್‌ನಲ್ಲಿ ನೀರು ಸರಬರಾಜು ಖಾಸಗಿ ಕಂಪನಿಗಳ ಕೈಯಲ್ಲಿದೆ. ಅಲ್ಲಿಯೂ 1999ರ ಕಾನೂನು ಬಾಕಿಗಾಗಿ ಮನೆಗಳ ನೀರು ಕಡಿಯುವುದನ್ನು ನಿಷೇಧಿಸಿತು. ಬಾಕಿ ವಸೂಲಿಗೆ ಬೇರೆ ದಾರಿಗಳಿವೆ, ಬಾಯಾರಿಕೆ ಅವುಗಳಲ್ಲಿ ಒಂದಾಗಬಾರದು ಎಂಬುದು ಅದರ ಅರ್ಥ. ಲಾಭಕ್ಕೆ ನಡೆಯುವ ಕಂಪನಿಗೆ ಹಾಕಬಹುದಾದ ಈ ಗೆರೆಯನ್ನು ಜನರದೇ ಆದ ಪುರಸಭೆ ತನಗೆ ತಾನೇ ಹಾಕಿಕೊಳ್ಳಲಾಗದೇ? 2010ರ ಜುಲೈ 28ರಂದು ವಿಶ್ವಸಂಸ್ಥೆಯ ಮಹಾಸಭೆ ಕುಡಿಯುವ ನೀರು ಮತ್ತು ನೈರ್ಮಲ್ಯವನ್ನು ಮಾನವ ಹಕ್ಕೆಂದು ಒಪ್ಪಿದಾಗ ಪರವಾಗಿ ಮತ ಹಾಕಿದ ದೇಶಗಳಲ್ಲಿ ಭಾರತವೂ ಒಂದು. ಹಕ್ಕೆಂದು ಒಪ್ಪಿದ ಮೇಲೆ ಅದು ಬಾಕಿಯ ಕಾರಣಕ್ಕೆ ರದ್ದಾಗುವುದು ಹೇಗೆ?

ಬಿಲ್ಲಿನ ಇನ್ನೊಂದು ಭಾಗದ ಬಗ್ಗೆ ನಾವು ಮಾತಾಡುವುದೇ ಕಡಿಮೆ. ಅದು ಹೊರಹೋಗುವ ನೀರಿನ ಖರ್ಚು. ಒಳಚರಂಡಿ ಸಂಪರ್ಕಕ್ಕೆ ಹಣವಿಲ್ಲದ ಮನೆ ಪಾಯಿಖಾನೆಗೆ ಗುಂಡಿ ತೋಡಿಕೊಳ್ಳುತ್ತದೆ. ಗುಂಡಿ ತುಂಬುತ್ತದೆ. ಯಂತ್ರದ ಗಾಡಿ ತರಿಸಲು ಹಣ ಬೇಕು, ಗಾಡಿ ಬರಲು ಬೀದಿಯಾದರೂ ಅಗಲವಿರಬೇಕು. ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಕೆ.ಜಿ.ಎಫ್. ಜಗತ್ತಿಗೇ ತೋರಿಸಿದೆ. ಗಣಿ ಕಾಲದ ಒಣ ಪಾಯಿಖಾನೆಗಳನ್ನು ಮನುಷ್ಯರು ಕೈಯಿಂದ ಬಳಿದು ತಲೆಯ ಮೇಲೆ ಹೊರುತ್ತಿದ್ದರು. ಅಂಥ ಕುಟುಂಬವೊಂದರಲ್ಲಿ 1966ರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಇಲ್ಲಿಂದಲೇ ಹೋರಾಟ ಆರಂಭಿಸಿ ಸಫಾಯಿ ಕರ್ಮಚಾರಿ ಆಂದೋಲನವನ್ನು ಕಟ್ಟಿದರು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಕಾನೂನು 1993ರಲ್ಲೇ ಬಂದಿತ್ತು. ಆದರೂ 2011ರ ಅಕ್ಟೋಬರಿನಲ್ಲಿ ಇದೇ ಕೆ.ಜಿ.ಎಫ್.ನಲ್ಲಿ ಗುಂಡಿ ಸ್ವಚ್ಛಗೊಳಿಸಲು ಇಳಿದ ಮೂವರು ಉಸಿರುಗಟ್ಟಿ ಸತ್ತರು. 2013ರಲ್ಲಿ ಇನ್ನೂ ಬಿಗಿಯಾದ ಕಾನೂನು ಬಂತು. ಇಂಥ ಸಾವಿಗೆ 10 ಲಕ್ಷ ಪರಿಹಾರ ಕೊಡಬೇಕೆಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು.

ಒಂದು ಮನೆ ಕಟ್ಟಲಾರದೆ ಉಳಿದ ಕೊಳೆನೀರಿನ ಖರ್ಚು ಗಾಳಿಯಲ್ಲಿ ಮಾಯವಾಗುವುದಿಲ್ಲ. ಅದನ್ನು ಅದಕ್ಕಿಂತಲೂ ಬಡವನಾದ ಇನ್ನೊಬ್ಬನು ತನ್ನ ಶ್ವಾಸಕೋಶದಿಂದ ಕಟ್ಟುತ್ತಾನೆ. ಒಳಚರಂಡಿಯ ಸಂಪರ್ಕಕ್ಕೆ, ಗುಂಡಿ ತೆಗೆಸುವ ಯಂತ್ರಕ್ಕೆ ಕೊಡುವ ನೆರವನ್ನು ಸೋಮಾರಿಗಳಿಗೆ ಕೊಟ್ಟ ಬಿಟ್ಟಿಭಾಗ್ಯವೆಂದು ಹೀಗಳೆಯುವವರು ಈ ಲೆಕ್ಕವನ್ನೂ ಒಮ್ಮೆ ಬರೆದು ನೋಡಬೇಕು.

ಕೊಳೆನೀರಿನ ಇನ್ನೊಂದು ಪಯಣವೂ ಕೋಲಾರದ ಪಾಲಿಗೆ ಬಂದಿದೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆಯಲ್ಲಿ 2018ರ ಜೂನ್ ತಿಂಗಳಿನಿಂದ ಬೆಂಗಳೂರಿನ ಚರಂಡಿ ನೀರನ್ನು ಎರಡನೆಯ ಹಂತದವರೆಗೆ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ದಿನಕ್ಕೆ 440 ದಶಲಕ್ಷ ಲೀಟರ್ ಎಂಬುದು ಯೋಜನೆಯ ಗುರಿ. ಒಣಗಿದ ಕೆರೆಗಳು ತುಂಬಿದವು, ಅಂತರ್ಜಲ ಏರಿತು, ರೈತರು ಸಂತೋಷಪಟ್ಟರು. ಅದೇ ವರ್ಷ ಕೆರೆಯಲ್ಲಿ ನೊರೆ ಬಂದಾಗ ಭಯವೂ ಪಟ್ಟರು. ಮೂರನೆಯ ಹಂತದ ಶುದ್ಧೀಕರಣ ಬೇಕೆಂಬ ಬೇಡಿಕೆ ಅಂದಿನಿಂದ ಕೇಳಿಬರುತ್ತಿದೆ. ಬೆಳಗಿನ ರೈಲಿನಲ್ಲಿ ಕೋಲಾರದ ದುಡಿಮೆ ಬೆಂಗಳೂರಿಗೆ ಹೋಗುತ್ತದೆ, ಪೈಪಿನಲ್ಲಿ ಬೆಂಗಳೂರಿನ ಬಳಸಿದ ನೀರು ಕೋಲಾರಕ್ಕೆ ಬರುತ್ತದೆ. ಇದರಲ್ಲಿ ತಪ್ಪಿಲ್ಲ, ನೀರನ್ನು ಮತ್ತೆ ಬಳಸುವುದು ವಿವೇಕವೇ. ಆದರೆ ಶುದ್ಧೀಕರಣದ ಒಂದು ಹಂತವನ್ನು ಉಳಿಸಿದಾಗ ಉಳಿದ ಹಣ ಯಾರ ಜೇಬಿನಲ್ಲಿ ಉಳಿಯಿತು, ಅಪಾಯ ಯಾರ ಬಾವಿಗೆ ಇಳಿಯಿತು ಎಂದು ಕೇಳಬೇಕಾಗುತ್ತದೆ. ಕೋಲಾರದ ಬಡವ ನಗರದ ಉಪಕಾರದಲ್ಲಿದ್ದಾನೆ ಎಂಬ ಭಾವನೆಯನ್ನಾದರೂ ಇದು ಸಡಿಲಗೊಳಿಸಬೇಕು.

ಹಾಗಾದರೆ ನೆರವು ಹೇಗಿರಬೇಕು? ಗ್ರಾಮೀಣ ಮನೆಗಳಿಗೆ ಜಲಜೀವನ ಯೋಜನೆ ಇಟ್ಟುಕೊಂಡ ಕನಿಷ್ಠ ಅಳತೆ ತಲಾ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ ತಿಂಗಳಿಗೆ 8,250 ಲೀಟರ್ ಆಗುತ್ತದೆ. ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ಶೌಚಕ್ಕೆ ಬೇಕಾದ ಇಷ್ಟು ನೀರನ್ನು ಬಡ ಮನೆಗಳಿಗೆ ಉಚಿತವಾಗಿ ಅಥವಾ ನಾಮಮಾತ್ರದ ದರಕ್ಕೆ ಕೊಡಬೇಕು. ಮನೆಗಿಷ್ಟು ಎಂದು ಅಳೆಯದೆ ತಲೆಗಿಷ್ಟು ಎಂದು ಅಳೆಯಬೇಕು. ರೇಷನ್ ಕಾರ್ಡಿನಲ್ಲಿ ತಲೆಯೆಣಿಕೆ ಇದೆ, ಬಡತನದ ಗುರುತೂ ಇದೆ. ಅದೇ ಸಾಕು. ಪ್ರತಿ ವರ್ಷ ಹೊಸ ಪ್ರಮಾಣಪತ್ರಕ್ಕಾಗಿ ಕೂಲಿ ಬಿಟ್ಟು ಕಚೇರಿಯ ಮುಂದೆ ನಿಲ್ಲಿಸಿದರೆ ಕೊಟ್ಟದ್ದರಲ್ಲಿ ಅರ್ಧವನ್ನು ಕಿತ್ತುಕೊಂಡಂತೆಯೇ. ಬಾಡಿಗೆದಾರರನ್ನು, ಹಕ್ಕುಪತ್ರವಿಲ್ಲದ ಲೈನು ಮನೆಗಳನ್ನು ಹೊರಗಿಡಬಾರದು. ಹಳೆಯ ಬಾಕಿಯನ್ನು ಕಂತುಗಳಿಗೆ ಹಂಚಬೇಕು, ನಿಜಕ್ಕೂ ಶಕ್ತಿಯಿಲ್ಲದವರಿಗೆ ಬಿಟ್ಟುಬಿಡಬೇಕು. ಸಂಪರ್ಕವಿಲ್ಲದ ಮನೆಗೆ ಮೊದಲು ಸಂಪರ್ಕ ಕೊಡಬೇಕು.

ಕರ್ನಾಟಕ 2023ರಲ್ಲಿ ಗೃಹಜ್ಯೋತಿಯ ಮೂಲಕ 200 ಯೂನಿಟ್‌ವರೆಗೆ ವಿದ್ಯುತ್ ಉಚಿತ ಮಾಡಿತು, ಬಾಡಿಗೆದಾರರನ್ನೂ ಸೇರಿಸಿಕೊಂಡಿತು. ಮನಸ್ಸಿದ್ದರೆ ಮಾರ್ಗವಿದೆ ಎಂಬುದಕ್ಕೆ ಅದು ಸಾಕ್ಷಿ. ಆದರೆ ಹಿಂದಿನ ವರ್ಷದ ಸರಾಸರಿಗೆ ಶೇಕಡಾ 10 ಸೇರಿಸುವ ಅದರ ಆರಂಭದ ಲೆಕ್ಕದಲ್ಲಿ 40 ಯೂನಿಟ್ ಬಳಸಿದವನಿಗೆ 44 ಸಿಕ್ಕಿತು, 180 ಬಳಸಿದವನಿಗೆ 198 ಸಿಕ್ಕಿತು. ಮೊದಲೇ ಇದ್ದವನಿಗೆ ಹೆಚ್ಚು ಎಂಬ ಈ ಲೆಕ್ಕ ನೀರಿಗೆ ಬರಬಾರದು.

ಹಣ ಎಲ್ಲಿಂದ ಬರಬೇಕು? ಕನಿಷ್ಠವನ್ನು ಮೀರಿ ಬಳಸುವವರು, ವಾಣಿಜ್ಯ ಬಳಕೆದಾರರು ಪೂರ್ತಿ ವೆಚ್ಚ ಕೊಡಬೇಕು. ಅದರಲ್ಲೂ ಸಾಲದ್ದನ್ನು ಸರಕಾರ ಬಜೆಟ್ಟಿನಲ್ಲಿ ಬಹಿರಂಗವಾಗಿ ತೋರಿಸಿ ಪುರಸಭೆಗೆ ಕೊಡಬೇಕು. ಉಚಿತವೆಂದು ಘೋಷಿಸಿ ಪುರಸಭೆಯ ಖಜಾನೆಯನ್ನು ಖಾಲಿ ಬಿಡುವುದು ಇನ್ನೊಬ್ಬರ ಕೈಯಿಂದ ದಾನ ಮಾಡಿದಂತೆ.

ಈ ಹಕ್ಕಿನ ಜೊತೆಗೆ ಹೊಣೆಯೂ ಇದೆ. ಕಟ್ಟುವ ಶಕ್ತಿಯಿದ್ದೂ ಬಿಲ್ಲು ಕಟ್ಟದವನು, ಮುಖ್ಯ ಪೈಪಿಗೆ ಕದ್ದು ಮೋಟಾರು ಹಾಕಿದವನು ಸರಕಾರಕ್ಕೆ ಮೋಸ ಮಾಡಿದೆನೆಂದು ಬೀಗಬಹುದು. ಅವನು ಕದ್ದದ್ದು ಬೀದಿಯ ಕೊನೆಯ ಮನೆಯ ಬಿಂದಿಗೆಯಿಂದ. ಹರಿಯುವ ನದಿಯ ದಡದಲ್ಲಿದ್ದರೂ ಅಂಗಸ್ನಾನದಲ್ಲಿ ನೀರನ್ನು ಪೋಲು ಮಾಡಬಾರದೆಂಬ ಪಾಠವನ್ನು ಮಸೀದಿಯಲ್ಲಿ ಕೇಳುವವನಿಗೆ ಮನೆಯ ಸೋರುವ ನಲ್ಲಿಯೂ ಧಾರ್ಮಿಕ ವಿಷಯವೇ ಆಗಬೇಕು.

ವೈಯಕ್ತಿಕ ದಾನಕ್ಕೆ ಇಲ್ಲಿ ಸ್ಥಾನವಿಲ್ಲವೆಂದಲ್ಲ. ನೆರೆಯ ವಿಧವೆಯ ಬಾಕಿಯನ್ನು ಸದ್ದಿಲ್ಲದೆ ಕಟ್ಟಿಬಂದವನ ಪುಣ್ಯ ಚಿಕ್ಕದಲ್ಲ. ಝಕಾತಿನ ಹಣದಿಂದ, ದೇವಸ್ಥಾನದ ಹುಂಡಿಯಿಂದ, ಚರ್ಚಿನ ನಿಧಿಯಿಂದ ಒಂದು ಬೀದಿಗೆ ನಲ್ಲಿ ಬಂದರೆ ಅದು ಸ್ವಾಗತಾರ್ಹವೇ. ಆದರೆ ದಾನ ಇವತ್ತಿನ ಬಾಯಾರಿಕೆಯನ್ನು ನೀಗಿಸುತ್ತದೆ. ನಾಳೆಯ ಬೆಳಿಗ್ಗೆ ಆ ವಿಧವೆ ಮತ್ತೆ ಯಾರ ಮುಖ ನೋಡಬೇಕು? ಆಕೆಗೆ ಬೇಕಾದದ್ದು ಯಾರ ಮುಖವನ್ನೂ ನೋಡದೆ ತನ್ನ ಸರದಿಯಲ್ಲಿ ನಿಂತು ತುಂಬಿಕೊಳ್ಳಬಹುದಾದ ಒಂದು ಬಿಂದಿಗೆ ನೀರು. ಅದು ಆಕೆಯ ಪಾಲು ಎಂದು ಒಪ್ಪಿಕೊಂಡ ಊರಿನಲ್ಲಿ ಬಿಲ್ಲಿನ ಉಳಿದ ಲೆಕ್ಕಗಳನ್ನು ಕುಳಿತು ಮಾತಾಡಿ ಬಗೆಹರಿಸಿಕೊಳ್ಳಬಹುದು.